ಮಾಡಿನ ಪ್ರಶ್ನೆ ಮೊದಲು, ಕರೆಂಟಿನದು ಆಮೇಲೆ

ಎಂ.ವಿ.ಪಿ. ಕಾಲನಿ, ವಿಶಾಖಪಟ್ಟಣ
ಭಾನುವಾರ

ಪ್ರೀತಿಯ ಪುಟ್ಟೀ,

ಕೊಟೇಶನ್ ಬಂತು. ಅಳಿಯ ಕಳಿಸಿದ ತಾರಸಿಯ ಫೋಟೋಗಳೂ ಬಂದವು. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು “ಹಾಗಾದ್ರೆ ಹಾಕಿಸ್ಲಾ, ಬೇಡ್ವಾ?” ಅಂತ ಕೇಳಿಬಿಡ್ತೀಯ. ಇದು ಹಾಗೆ ಒಂದೇ ಮಾತಿನಲ್ಲಿ ಹೇಳುವ ವಿಷಯ ಅಲ್ಲ. ಭಾವನಿಗೂ ಓದಿ ಹೇಳು. ಅವರಿಗೆ ನನ್ನ ಅಕ್ಷರ ತಿಳಿಯುವುದಿಲ್ಲ ಎಂಬ ಹಳೆಯ ದೂರು ಇದ್ದದ್ದೇ.

ತಾರಸಿ ಮೇಲಿನ ಆಸ್ಬೆಸ್ಟಾಸ್ ಶೀಟಿನ ಶೆಡ್ಡು ತೆಗೆಸಬೇಕು, ಆ ಜಾಗದಲ್ಲಿ ಸೋಲಾರ್ ಪ್ಯಾನೆಲನ್ನೇ ಮಾಡಾಗಿ ಹೊದಿಸಬೇಕು, ಅದರ ಕೆಳಗೆ ಗೋಡೆ ಎಬ್ಬಿಸಿ ಅತ್ತೆಯವರಿಗೆ ಒಂದು ಕೋಣೆ ಮಾಡಬೇಕು. ನಿಮ್ಮ ಯೋಚನೆ ಇದು ತಾನೆ? ಯಾಕೆ ಅಂತ ನನಗೆ ಗೊತ್ತು. 2024ರ ಸೆಪ್ಟೆಂಬರ್ 1ರಂದು ಬುಡಮೇರು ಹೊಳೆ ಉಕ್ಕಿ ವಿಜಯವಾಡದ ನಿಮ್ಮ ಸಿಂಗ್ ನಗರ ಪೂರ್ತಿ ಮುಳುಗಿದಾಗ ನಿಮ್ಮನ್ನು ಕಾಪಾಡಿದ್ದು ಆ ಶೆಡ್ಡೇ. ಆ ವಯಸ್ಸಿನಲ್ಲಿ ಅತ್ತೆಯವರನ್ನು ಕುರ್ಚಿ ಸಮೇತ ಮೇಲಕ್ಕೆ ಹೊತ್ತಿರಿ. ಇನ್ನು ಅವರು ಮೇಲೆಯೇ ಇರಲಿ ಅನ್ನಿಸುವುದು ಸಹಜ. ಅದಕ್ಕೇ ಈ ಕಾಗದ ಸ್ವಲ್ಪ ಉದ್ದ ಆದೀತು.

ಕೊಟೇಶನ್ನಿನಲ್ಲಿ ಏನಿದೆ ನೋಡು. ಎಷ್ಟು ಕಿಲೋವ್ಯಾಟ್, ತಿಂಗಳಿಗೆ ಎಷ್ಟು ಯೂನಿಟ್, ಎಷ್ಟು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಎಲ್ಲ ಕರೆಂಟಿನ ಲೆಕ್ಕ. ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತದೆ, ಎರಡು ಪ್ಯಾನೆಲ್ ಸೇರುವ ಸಂದಿನಲ್ಲಿ ಏನು ಕೂರಿಸುತ್ತಾರೆ, ಕಂಬ ಎಲ್ಲಿ ನಿಲ್ಲುತ್ತದೆ ಅಂತ ಹುಡುಕಿದರೆ ಒಂದು ಸಾಲೂ ಸಿಗಲಿಲ್ಲ. ಮಾಡನ್ನು ಮಾರುತ್ತಿರುವವನು ಮಾಡಿನ ಮಾತೇ ಎತ್ತಿಲ್ಲ! ನಮ್ಮೂರಲ್ಲಾದರೆ ಅಪ್ಪ ಅವನನ್ನು ಜಗಲಿಯಿಂದಲೇ ಕಳಿಸುತ್ತಿದ್ದರು.

ಊರಿನ ಮನೆ ನಿನಗೆ ನೆನಪಿರಬೇಕು. ಪಕಾಸು, ಅದರ ಮೇಲೆ ರೀಪು, ರೀಪಿಗೆ ಕೊಕ್ಕೆ ಸಿಕ್ಕಿಸಿ ಕೂತ ಹಂಚು. ಮಳೆಗಾಲಕ್ಕೆ ಮೊದಲು ಒಬ್ಬ ಆಳು ಹತ್ತಿ ಕೈಯಾಡಿಸಿ ಬರುತ್ತಿದ್ದ. ಒಡೆದದ್ದು ಒಂದೋ ಎರಡೋ ಇದ್ದರೆ ಕೊಟ್ಟಿಗೆಯ ಹಿಂದೆ ಪೇರಿಸಿಟ್ಟ ರಾಶಿಯಿಂದ ತೆಗೆದು ಹಾಕಿದರೆ ಮುಗಿಯಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಅಜ್ಜ ಕಟ್ಟಿಸಿದ ಮಾಡಿಗೆ ನಾವು ಅಂಗಡಿಯಿಂದ ತಂದ ಹೊಸ ಹಂಚು ಸರಿಯಾಗಿ ಕೂರುತ್ತಿತ್ತು. ಸೋಲಾರ್ ಪ್ಯಾನೆಲ್ಲಿಗೆ ಆ ಗುಣ ಇಲ್ಲ. ಹತ್ತು ವರ್ಷದ ಹಿಂದೆ ಬರುತ್ತಿದ್ದ ಪ್ಯಾನೆಲ್ ಉದ್ದಕ್ಕೆ ಎರಡು ಮೀಟರಿನ ಒಳಗಿತ್ತು. ಈಗ ಬರುವವು ಎರಡೂಕಾಲು ಮೀಟರ್ ದಾಟಿವೆ, ಅಗಲವೂ ಹೆಚ್ಚಿದೆ. ಸ್ಟ್ಯಾಂಡಿನ ಮೇಲೆ ನಿಂತ ಪ್ಯಾನೆಲ್ ಒಡೆದರೆ ಅಳತೆ ಹೆಚ್ಚು ಕಡಿಮೆ ಆದದ್ದನ್ನು ಹೇಗೋ ಕೂರಿಸಬಹುದು, ಕೆಳಗೆ ಬೇರೆ ಸೂರು ಇದ್ದೇ ಇದೆ. ಪ್ಯಾನೆಲ್ಲೇ ಸೂರಾದಾಗ ಪಕ್ಕದ ಅಪಾರ್ಟ್‌ಮೆಂಟಿನಿಂದ ಹುಡುಗರ ಕ್ರಿಕೆಟ್ ಚೆಂಡು ಬಿದ್ದು ಒಂದು ಗಾಜು ಸೀಳಿದರೆ, ಅದೇ ಅಳತೆಯದು ಸಿಗುವವರೆಗೆ ಟಾರ್ಪಾಲು. ಆದ್ದರಿಂದ ಏನೇ ಹಾಕಿಸಿದರೂ ಅದೇ ಮಾದರಿಯ ಎರಡು ಪ್ಯಾನೆಲ್ ಹೆಚ್ಚಿಗೆ ಕೊಂಡು ಮಂಚದ ಹಿಂದೆ ನಿಲ್ಲಿಸಿಡಿ. ಭಾವ ದಂಡ ಖರ್ಚು ಅಂತಾರೆ. ಅನ್ನಲಿ.

ಪ್ಯಾನೆಲ್ಲನ್ನೇ ಮಾಡು ಮಾಡುವುದು ಈಗಿನ ಹುಚ್ಚು ಅಂತ ತಿಳಿಯಬೇಡ. ಅಮೆರಿಕದ ಡೌ ಕಂಪನಿ 2011ರಲ್ಲೇ ಸೋಲಾರ್ ಹಂಚು ಮಾರುಕಟ್ಟೆಗೆ ತಂದು 2016ರಲ್ಲಿ ಕೈಬಿಟ್ಟಿತು. ಅದೇ 2016ರ ಅಕ್ಟೋಬರಿನಲ್ಲಿ ಟೆಸ್ಲಾದವರು ತಮ್ಮ ಸೋಲಾರ್ ಮಾಡನ್ನು ದೊಡ್ಡ ಸದ್ದು ಮಾಡಿ ತೋರಿಸಿದರು. ಅಳಿಯ ಕಳಿಸುವ ವಿಡಿಯೋಗಳೆಲ್ಲ ಅದರವೇ. ಅದು ನಮಗಲ್ಲ, ಬಿಡು. ನಮ್ಮ ಕಡೆ ಸಿಕಂದರಾಬಾದಿನ ವಿಶಾಕ ಇಂಡಸ್ಟ್ರೀಸ್‌ನವರು 2018ರಲ್ಲಿ ಆಟಮ್ ಎಂಬ ಸೋಲಾರ್ ಮಾಡು ತಂದರು. ಕೆಳಗೆ ಸಿಮೆಂಟ್ ಬೋರ್ಡು, ಅದರ ಮೇಲೆ ಸೋಲಾರ್ ಕೋಶ, ಎರಡೂ ಸೇರಿ ಒಂದೇ ಹಲಗೆ. 1981ರಲ್ಲಿ ಹುಟ್ಟಿದ ಕಂಪನಿ ಅದು, ಸಿಮೆಂಟ್ ಶೀಟು ಮಾಡಿ ಬೆಳೆದದ್ದು. ಶೀಟು ಮಾಡುವವರೇ ಈ ಕೆಲಸಕ್ಕೆ ಇಳಿದದ್ದು ನನಗೆ ಒಳ್ಳೆಯದೆನಿಸಿತು. ಸೋರುವುದು ಅಂದರೇನು ಅಂತ ಅವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ನಿನಗೆ ಕೊಟೇಶನ್ ಕೊಟ್ಟವನದು ಬೇರೆ ಮಾಲು: ಮಾಮೂಲಿ ಗಾಜಿನ ಪ್ಯಾನೆಲ್. ಅಂಥದ್ದಕ್ಕೆ ಸಂದಿಗೆ ರಬ್ಬರ್ ಪಟ್ಟಿ, ಕೆಳಗೆ ಅಲ್ಯೂಮಿನಿಯಂ ಕಾಲುವೆ ಹಾಕುವುದುಂಟು. ಅದೂ ನಡೆಯುತ್ತದೆ. ಆದರೆ ಸಂದಿನ ಕೆಳಗೆ ಆ ಕಾಲುವೆ ಇರಲೇಬೇಕು. ಬರೀ ಸಿಲಿಕಾನ್ ಅಂಟು ಬಳಿದು ಮುಗಿಸುತ್ತೇವೆ ಅಂದರೆ ಒಪ್ಪಬೇಡಿ. ವಿಜಯವಾಡದ ಬಿಸಿಲಿಗೆ ಆ ಅಂಟು ಒಣಗಿ ಬಿರಿದು ಮೂರನೆಯದೋ ನಾಲ್ಕನೆಯದೋ ಮಳೆಗಾಲಕ್ಕೆ ಬಕೀಟು ಇಡಿಸುತ್ತದೆ.

ಇನ್ನು ಬಿಸಿಲಿನ ಮಾತು. ನನ್ನ ತಕರಾರಿನ ತಿರುಳು ಇಲ್ಲೇ ಇದೆ.

ಪ್ಯಾನೆಲ್ ಮೇಲೆ ಬಿದ್ದ ಬಿಸಿಲಿನಲ್ಲಿ ಐದನೇ ಒಂದು ಭಾಗ, ಹೆಚ್ಚೆಂದರೆ ಅದಕ್ಕಿಂತ ಚೂರು ಜಾಸ್ತಿ, ಕರೆಂಟಾಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಶಾಖ. ಹೊರಗೆ 42 ಡಿಗ್ರಿ ಇರುವ ಮೇ ಮಧ್ಯಾಹ್ನ, ಕೆಳಗೆ ಗಾಳಿಯಾಡುವಂತೆ ನಿಲ್ಲಿಸಿದ ಪ್ಯಾನೆಲ್ಲೇ 65–70 ಡಿಗ್ರಿ ಕಾದಿರುತ್ತದೆ. ಕೆಳಗೆ ಗಾಳಿಗೆ ದಾರಿ ಇಲ್ಲದಿದ್ದರೆ 80ರ ಹತ್ತಿರಕ್ಕೂ ಹೋದೀತು. ಕಂಪನಿಯವರು ಬರೆಯುವ ವ್ಯಾಟ್ ಎಲ್ಲ 25 ಡಿಗ್ರಿಯ ಲೆಕ್ಕ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಶೇಕಡಾ 0.35ರಿಂದ 0.4ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ 70 ಡಿಗ್ರಿಯಲ್ಲಿ ಆರನೇ ಒಂದು ಭಾಗ ಕರೆಂಟು ಖೋತಾ. ಅದು ಹೋದರೆ ಹೋಗಲಿ. ಆ 70 ಡಿಗ್ರಿಯ ಗಾಜು ಅತ್ತೆಯವರ ಮಂಚಕ್ಕೆ ಎಂಟಡಿ ಮೇಲೆ ಇರುತ್ತದಲ್ಲ, ನಾನು ಹೇಳುತ್ತಿರುವುದು ಅದನ್ನು. ಮೇಲಿಂದ ಬಂದ ಕರೆಂಟನ್ನೆಲ್ಲ ಕೆಳಗಿನ ಏಸಿಗೆ ಸುರಿಯುವುದಾದರೆ ಈ ಸಂಭ್ರಮ ಯಾತಕ್ಕೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿನ ಸುಸ್ಥಿರ ತಂತ್ರಜ್ಞಾನ ಕೇಂದ್ರದಲ್ಲಿ 5.25 ಕಿಲೋವ್ಯಾಟ್ ಪ್ಯಾನೆಲ್ಲನ್ನೇ ಒಂದು ಕಟ್ಟಡದ ಮಾಡಾಗಿ ಹೊದಿಸಿ, ಮೊಂಟೊ ಮಣಿ ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿದರು. ನನಗೆ ಹಿಡಿಸಿದ್ದು ಏನೆಂದರೆ, ಎಷ್ಟು ಯೂನಿಟ್ ಬಂತು ಅನ್ನುವುದರ ಜೊತೆಗೆ ಕೆಳಗೆ ಕೂತವರಿಗೆ ಹೇಗಿರುತ್ತದೆ ಅನ್ನುವುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಈ ಕೇಂದ್ರ ಬೇರೆ ಯಾವುದೂ ಅಲ್ಲ ಮಾರಾಯ್ತಿ, ಹಿಂದಿನ ‘ಅಸ್ತ್ರ’. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರುಮಾಡಿದ್ದು. ಅಮ್ಮನ ಅಡುಗೆಮನೆಗೆ ಬಂದ ಅಸ್ತ್ರ ಒಲೆ ಅವರದ್ದೇ. ಹೊಗೆ ಹೊರಗೆ ಹೋಗದ ಮೇಲೆ ಒಲೆ ಎಷ್ಟು ಚೆನ್ನಾಗಿ ಉರಿದರೇನು ಎಂದು ಕೇಳಿದ ಜನ ಅವರು. ಮಾಡಿನ ವಿಷಯದಲ್ಲೂ ಅದೇ ಬುದ್ಧಿ ಓಡಿಸಿದ್ದಾರೆ.

ಹಾಗಾದರೆ ಪ್ಯಾನೆಲ್ ಮಾಡು ಎಲ್ಲಿ ಸರಿ? ನಿಮ್ಮೂರಿನಲ್ಲೇ ಇದೆ, ನೀನು ಅದರ ಕೆಳಗೇ ಓಡಾಡುತ್ತೀಯ. ವಿಜಯವಾಡ ಸ್ಟೇಷನ್ನಿನ 4–5ನೇ ಪ್ಲಾಟ್‌ಫಾರಂನಲ್ಲಿ ಒಮ್ಮೆ ತಲೆ ಎತ್ತಿ ನೋಡು. ಮಾಮೂಲಿ ತಗಡು ಹೊದಿಸಬೇಕಾದ ಜಾಗದಲ್ಲಿ ರೈಲ್ವೆಯವರು 130 ಕಿಲೋವ್ಯಾಟ್ ಪ್ಯಾನೆಲ್ಲನ್ನೇ ಹೊದಿಸಿದ್ದಾರೆ. ತಗಡು ಹಾಕಿ ಅದರ ಮೇಲೆ ಪ್ಯಾನೆಲ್ ಕೂರಿಸಿದ್ದಲ್ಲ, ಪ್ಯಾನೆಲ್ಲೇ ಚಾವಣಿ. ಭಾರತೀಯ ರೈಲ್ವೆಯಲ್ಲಿ ಇಂಥದ್ದು ಅದೇ ಮೊದಲು ಅಂತ ದಕ್ಷಿಣ ಮಧ್ಯ ರೈಲ್ವೆಯವರು ಹೇಳಿಕೊಂಡರು. ತಗಡಿನ ಖರ್ಚೂ ಉಳಿಯಿತು, ಕರೆಂಟೂ ಬಂತು. ಆದರೆ ಆ ಚಾವಣಿಯ ಕೆಳಗೆ ನಾಲ್ಕು ಗೋಡೆ ಇಲ್ಲ. ಕಾದ ಗಾಳಿ ಅತ್ತ ಇತ್ತ ಹೋಗುತ್ತದೆ. ಕೆಳಗಿರುವವರು ರೈಲು ಬರುವವರೆಗಿನ ಜನ, ರಾತ್ರಿಯಿಡೀ ಮಲಗುವವರಲ್ಲ. ಪ್ಯಾನೆಲ್ ಮಾಡಿಗೆ ಹೇಳಿ ಮಾಡಿಸಿದ ಜಾಗ ಅಂದರೆ ಅದು.

ಅದಕ್ಕೇ ನನ್ನ ಸಲಹೆ ಇಷ್ಟು: ಕೋಣೆಯ ಮೇಲೆ ಬೇಡ, ತಾರಸಿಯ ಮೇಲೆ ಹಾಕಿಸಿ. ಗೋಡೆ ಕಟ್ಟದೆ, ನಾಲ್ಕೂ ಕಡೆ ತೆರೆದ ಚಪ್ಪರದ ಹಾಗೆ. ಆಗ ಬಿಸಿಲು ಕೆಳಗಿನ ಆರ್‌ಸಿಸಿ ಸ್ಲ್ಯಾಬಿಗೆ ತಾಗುವುದಿಲ್ಲ. ರಾತ್ರಿ ಹನ್ನೊಂದಾದರೂ ಬಾಣಲೆಯ ಹಾಗೆ ಕಾಯುವ ನಿಮ್ಮ ಮಲಗುವ ಕೋಣೆ ತಣ್ಣಗಾಗುತ್ತದೆ. ನನ್ನನ್ನು ಕೇಳಿದರೆ ಕರೆಂಟಿಗಿಂತ ಈ ಲಾಭವೇ ದೊಡ್ಡದು, ಆದರೆ ಯಾವ ಕೊಟೇಶನ್ನಿನಲ್ಲೂ ಇದನ್ನು ಬರೆಯುವುದಿಲ್ಲ. ಅತ್ತೆಯವರ ಕೋಣೆಯನ್ನು ಚಪ್ಪರದ ಒಂದು ಮೂಲೆಯಲ್ಲಿ ಅದರದೇ ಆದ ಸ್ಲ್ಯಾಬೋ ಹಂಚೋ ಹಾಕಿ ಕಟ್ಟಿಸಿ, ಪ್ಯಾನೆಲ್ಲು ಅದರ ಮೇಲೆ ಎರಡಡಿ ಅಂತರ ಬಿಟ್ಟು ಹಾದುಹೋಗಲಿ. ಇಲ್ಲ, ಪ್ಯಾನೆಲ್ಲೇ ಕೋಣೆಯ ಮಾಡಾಗಬೇಕು ಅಂತ ಭಾವ ಹಟ ಹಿಡಿದರೆ, ಊರಿನ ಮನೆಯಲ್ಲಿದ್ದಂತೆ ಒಂದು ಮುಚ್ಚಿಗೆ ಹಾಕಿಸಬೇಕು. ಕೆಳಗೆ ಸೂರಂಚಿನಿಂದ ಗಾಳಿ ಒಳಗೆ ಬಂದು, ಮೇಲೆ ಏಣಿನ ಹತ್ತಿರ ಬಿಟ್ಟ ಸಂದಿನಿಂದ ಹೊರಗೆ ಹೋಗಬೇಕು. ಮುಚ್ಚಿಗೆಯಲ್ಲಿ ಒಬ್ಬ ಮನುಷ್ಯ ತೂರುವಷ್ಟು ಬಾಗಿಲೂ ಇರಬೇಕು, ಯಾಕೆಂದರೆ ಅಲ್ಲಿ ವೈರುಗಳಿರುತ್ತವೆ. ಎಂಟು ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 300–400 ವೋಲ್ಟ್ ಡಿಸಿ. ಬಿಸಿಲಿರುವಷ್ಟು ಹೊತ್ತು ಮೇಲಿನ ಆ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ, ಮೇನ್ ಸ್ವಿಚ್ ಆರಿಸಿದರೂ ಅದು ಸಾಯುವುದಿಲ್ಲ. ಇಲಿ, ಅಳಿಲು ಆ ವೈರು ಕಡಿದದ್ದನ್ನು ನಾನು ಇಲ್ಲಿ ಪಕ್ಕದ ಬೀದಿಯಲ್ಲೇ ನೋಡಿದ್ದೇನೆ. ಕಬ್ಬಿಣದ ಪೈಪಿನೊಳಗೆ ಹಾದು ಬರಲಿ.

ತೆರೆದ ಚಪ್ಪರಕ್ಕೆ ಬಿಸಿಲು ಗೆಳೆಯನಾದರೆ ಗಾಳಿ ಶತ್ರು. ಇದನ್ನು ವಿಶಾಖಪಟ್ಟಣದವನು ಹೇಳಿದರೆ ನೀವು ಕೇಳಲೇಬೇಕು. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತದ ದಿನ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದ ಗಾಳಿ ನಮ್ಮ ನೆತ್ತಿಯ ಮೇಲೆ ಹಾದುಹೋಯಿತು. ವಿಮಾನ ನಿಲ್ದಾಣದ ಚಾವಣಿಯೇ ಕಿತ್ತುಬಂದಿತ್ತು, ನಮ್ಮ ಬೀದಿಯ ಶೀಟುಗಳದೇನು ಮಾತು! ಎದುರು ಮನೆಯ ತಾರಸಿಯಿಂದ ಒಂದು ಶೀಟು ಅಡ್ಡಡ್ಡ ತೇಲುತ್ತಾ ಬಂದು ನಮ್ಮ ಕಾಂಪೌಂಡಿನ ನುಗ್ಗೆಮರವನ್ನು ಕೊಯ್ದ ಹಾಗೆ ಕತ್ತರಿಸಿತು. ಮಾರನೆಯ ದಿನ ಹತ್ತಿ ನೋಡಿದರೆ ಅವರ ಶೆಡ್ಡಿನ ಕಂಬ ನಿಂತೇ ಇತ್ತು, ಅಡ್ಡಪಟ್ಟಿಯಲ್ಲಿ ಜೆ-ಬೋಲ್ಟುಗಳು ತುಕ್ಕು ಹಿಡಿದು ನೇತಾಡುತ್ತಿದ್ದವು. ಶೀಟು ಮಾತ್ರ ಬೋಲ್ಟಿನ ತೂತಿನಲ್ಲಿ ಸೀಳಿ ಹೋಗಿತ್ತು.

ಗಾಳಿಯ ಲೆಕ್ಕಕ್ಕೆ ಐಎಸ್ 875 ಎಂಬ ಸರ್ಕಾರಿ ಮಾನಕ ಇದೆ, ಅದರ ಮೂರನೇ ಭಾಗ. ಅದರ ಪ್ರಕಾರ ಬೆಂಗಳೂರಿನಲ್ಲಿ ಕಟ್ಟುವವನು ಸೆಕೆಂಡಿಗೆ 33 ಮೀಟರ್ ಗಾಳಿಯನ್ನು, ಮಂಗಳೂರಿನಲ್ಲಿ 39 ಮೀಟರನ್ನು ಲೆಕ್ಕಕ್ಕೆ ಹಿಡಿಯಬೇಕು. ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ 50. ಸಮುದ್ರ ನಿಮಗೆ ದೂರ ಅಂತ ರಿಯಾಯಿತಿ ಏನೂ ಇಲ್ಲ. ಗಾಳಿಯ ವೇಗ ಹೆಚ್ಚಿದಂತೆ ಅದರ ಒತ್ತಡ ವರ್ಗದ ಲೆಕ್ಕದಲ್ಲಿ ಏರುತ್ತದೆ: 33ಕ್ಕೂ 50ಕ್ಕೂ ನಡುವೆ ಎರಡು ಪಟ್ಟಿಗೂ ಹೆಚ್ಚು. ಬೆಂಗಳೂರಿನಲ್ಲಿ ನಿನ್ನ ನಾದಿನಿಯ ಮನೆಯಲ್ಲಿ ಇಷ್ಟೇ ದಪ್ಪದ ಪೈಪು ಹಾಕಿದ್ದಾರೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮೇಲಾಗಿ ತೆರೆದ ಚಪ್ಪರಕ್ಕೆ ಗಾಳಿ ಕೆಳಗಿನಿಂದಲೂ ಎತ್ತುತ್ತದೆ, ಮೇಲಿನಿಂದಲೂ ಹೀರುತ್ತದೆ. ಕೊಟೇಶನ್ ಕೊಟ್ಟವನನ್ನು ಕಂಬಗಳು ಎಲ್ಲಿ ನಿಲ್ಲುತ್ತವೆ ಅಂತ ಕೇಳಿ. ಸ್ಲ್ಯಾಬಿನ ನಡುವೆ ಒಂದು ತಗಡಿನ ಪಾದ ಇಟ್ಟು ನಾಲ್ಕು ಬೋಲ್ಟು ಹೊಡೆದು ಹೋದರೆ ಸಾಲದು, ಕೆಳಗಿನ ಮನೆಯ ಕಂಬದ ನೇರಕ್ಕೇ ಬರಬೇಕು. ಅಳಿಯನ ಫೋಟೋದಲ್ಲಿ ತಾರಸಿಯ ಮೂಲೆಗಳಲ್ಲಿ ಹಳೆಯ ಕಂಬಿಗಳು ಹೊರಗೆ ಚಾಚಿರುವುದು ಕಾಣುತ್ತದೆ, ಮುಂದೆ ಮಹಡಿ ಎಬ್ಬಿಸಬಹುದು ಅಂತ ಅಂದು ಬಿಟ್ಟದ್ದು. ಅವು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿವೆ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸದೆ ಅವುಗಳ ಮೇಲೆ ಭಾರ ಹೊರಿಸಬಾರದು. ಉಕ್ಕಿನ ಕಾರ್ಖಾನೆಯಲ್ಲಿ ಸರ್ವಿಸ್ ಮುಗಿಸಿದವನು ನಾನು, ಕಬ್ಬಿಣದ ವಿಷಯದಲ್ಲಿ ಯಾರಿಗೂ ದಾಕ್ಷಿಣ್ಯ ತೋರಿಸುವುದಿಲ್ಲ.

ಪ್ರವಾಹದಲ್ಲಿ ಸೋಲಾರ್ ಇದ್ದಿದ್ದರೆ ಕತ್ತಲಲ್ಲಿ ಕೂರಬೇಕಿರಲಿಲ್ಲ ಅಂತ ನೀನು ಬರೆದಿದ್ದೀಯ. ಕೊಟೇಶನ್ನಿನಲ್ಲಿರುವ ಸೋಲಾರ್ ಹಾಕಿಸಿದ್ದರೂ ಕತ್ತಲೇ. ಲೈನಿಗೆ ಜೋಡಿಸಿದ ಮಾಮೂಲಿ ಇನ್ವರ್ಟರ್, ಬೀದಿಯ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಬೇಕೆಂದೇ ಹಾಗೆ ಮಾಡಿರುವುದು. ಇಲ್ಲದಿದ್ದರೆ ಲೈನು ಸತ್ತಿದೆ ಅಂತ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟು ಹೊಡೆದೀತು. ಹುದ್‌ಹುದ್ ಆದ ಮೇಲೆ ದಿನಗಟ್ಟಲೆ ಕರೆಂಟಿಲ್ಲದೆ ಇದ್ದಾಗ, ಬಿಸಿಲು ಸುಡುತ್ತಿದ್ದರೂ ಫೋನ್ ಚಾರ್ಜಿಗೆ ಅಲೆದವರಲ್ಲಿ ನಾವೂ ಇದ್ದೆವು. ನಿಮಗೆ ಬೇಕಾದದ್ದು ಹೈಬ್ರಿಡ್ ಇನ್ವರ್ಟರ್, ಜೊತೆಗೆ ಒಂದು ಸಣ್ಣ ಬ್ಯಾಟರಿ. ಎರಡು ಫ್ಯಾನು, ನಾಲ್ಕು ದೀಪ, ಫೋನು, ಅತ್ತೆಯವರ ನೆಬ್ಯುಲೈಸರ್ ನಡೆದರೆ ಸಾಕು. ಮತ್ತು ಇನ್ವರ್ಟರನ್ನು ಮೆಟ್ಟಿಲ ಕೆಳಗೆ ಗೋಡೆಗೆ ಹಾಕುತ್ತೇವೆ ಅಂತ ಬರೆದಿದ್ದಾನಲ್ಲ, ಆ ಸಾಲು ಹೊಡೆದು ಹಾಕಿ. ಬುಡಮೇರಿನ ನೀರು ಆ ಗೋಡೆಯಲ್ಲಿ ಎಲ್ಲಿಯವರೆಗೆ ಬಂದಿತ್ತೆಂದು ಇನ್ನೂ ಗುರುತಿದೆ. ಮೇಲೆ, ನೆರಳಿನಲ್ಲಿ ಹಾಕಿಸಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ ಸಬ್ಸಿಡಿ, ಮೂರನೆಯದಕ್ಕೆ 18,000. ಒಟ್ಟು 78,000, ಅದರ ಮೇಲೆ ಎಷ್ಟು ಹಾಕಿಸಿದರೂ ಅಷ್ಟೇ. ಒಂದು ಕಿಲೋವ್ಯಾಟಿಗೆ ಹೆಚ್ಚುಕಡಿಮೆ 100 ಚದರಡಿ ಜಾಗ, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್. ನಿಮಗೆ ಮೂರು ಕಿಲೋವ್ಯಾಟ್ ಧಾರಾಳ. ಕೊಟೇಶನ್ನಿನವನು ಐದು ಅಂದಿರುವುದು ಅವನ ಮನೆಗೆ ಬೇಕಾದ ಲೆಕ್ಕ. ಸಬ್ಸಿಡಿ ಸಿಗಬೇಕಾದರೆ ಕೋಶಗಳು ದೇಶದೊಳಗೇ ತಯಾರಾದವು ಇರಬೇಕು, ಹಾಕುವವನು ನೋಂದಾಯಿತ ವೆಂಡರ್ ಆಗಿರಬೇಕು. ಈ ಚಾವಣಿ ಮಾದರಿಗೆ ಸಬ್ಸಿಡಿ ಬರುತ್ತದೆ ಅಂತ ಅವನ ಕೈಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ನೆಟ್ ಮೀಟರಿಗೆ ನಿಮ್ಮದು ಎಪಿಸಿಪಿಡಿಸಿಎಲ್ ವಿದ್ಯುತ್ ಕಂಪನಿಯ ಆಫೀಸು. ನಮ್ಮ ಕಡೆಯ ಎಪಿಇಪಿಡಿಸಿಎಲ್ ಬೇರೆ, ಇಲ್ಲಿನ ಪರಿಚಯ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇಳಿಜಾರು ದಕ್ಷಿಣಕ್ಕೆ ಇರಲಿ. ವಿಜಯವಾಡ ಇರುವುದು 16.5 ಡಿಗ್ರಿ ಅಕ್ಷಾಂಶದಲ್ಲಿ, ಚಪ್ಪರದ ಓರೆಯೂ ಸುಮಾರು ಅಷ್ಟೇ ಇದ್ದರೆ ವರ್ಷದ ಲೆಕ್ಕಕ್ಕೆ ಚೆನ್ನ. ತಗ್ಗಿಸಬೇಕೆಂದರೂ ಹತ್ತಕ್ಕಿಂತ ಕೆಳಗೆ ಬೇಡ. ನೀರು ಸಂದಿನಲ್ಲಿ ನಿಲ್ಲುತ್ತದೆ, ಧೂಳು ಕೆಳ ಅಂಚಿನಲ್ಲಿ ಕೆಸರಾಗಿ ಕೂರುತ್ತದೆ. ತೊಳೆಯುವುದಕ್ಕೆ ತಾರಸಿಯಲ್ಲಿ ಒಂದು ನಲ್ಲಿ ಬೇಕು. ಬೋರಿನ ಗಡಸು ನೀರಾದರೆ ಬಿಳಿ ಕಲೆ ಉಳಿಯುತ್ತದೆ, ಮುನಿಸಿಪಾಲಿಟಿ ನೀರನ್ನೇ ಬಳಸಿ. ಬೆಳಿಗ್ಗೆ ಬಿಸಿಲೇರುವ ಮೊದಲು ತೊಳೆಯಬೇಕು, ಕಾದ ಗಾಜಿಗೆ ತಣ್ಣೀರು ಎರಚಬಾರದು. ಯಾರನ್ನೂ ಮೇಲೆ ಕಾಲಿಡಲು ಬಿಡಬೇಡಿ, ಉದ್ದ ಕೋಲಿನ ಬ್ರಷ್ ಸಾಕು. ಇಲ್ಲಿ ನಮಗೆ ಬಂದರಿನ ಕಲ್ಲಿದ್ದಲ ಧೂಳು, ಸಮುದ್ರದ ಉಪ್ಪು ಎರಡರ ಕಾಟವೂ ಇದೆ. ಅಷ್ಟಿದ್ದೂ ನಮ್ಮ ಊರಿನವರು ಪ್ಯಾನೆಲ್ಲನ್ನು ನೀರಿನ ಮೇಲೇ ತೇಲಿಸಿದ್ದಾರೆ. ಮುಡಸರ್ಲೋವ ಕೆರೆಯಲ್ಲಿ 2 ಮೆಗಾವ್ಯಾಟ್, ಸಿಂಹಾದ್ರಿಯ ಎನ್‌ಟಿಪಿಸಿ ಜಲಾಶಯದಲ್ಲಿ 2021ರಿಂದ 25 ಮೆಗಾವ್ಯಾಟ್. ಕೆಳಗೆ ನೀರಿದ್ದರೆ ಪ್ಯಾನೆಲ್ ತಂಪಾಗಿರುತ್ತದೆ, ಜಾಗದ ಜಗಳವೂ ಇಲ್ಲ. ಈ ಸಲ ಬಂದಾಗ ಮಕ್ಕಳಿಗೆ ಮುಡಸರ್ಲೋವ ತೋರಿಸುತ್ತೇನೆ.

ಹಳೆಯ ಶೀಟು ತೆಗೆಸುವಾಗ ಒಂದು ಎಚ್ಚರ. ಅದು ಆಸ್ಬೆಸ್ಟಾಸ್. ಸುತ್ತಿಗೆಯಲ್ಲಿ ಒಡೆದು ಮೇಲಿಂದ ಕೆಳಗೆ ಎಸೆಯಲು ಬಿಡಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಚೆನ್ನಾಗಿ ನೀರು ಹೊಡೆದು ನೆನೆಸಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಲಿ. ಕೆಲಸದವರಿಗೆ ಒಳ್ಳೆಯ ಮಾಸ್ಕ್ ನೀವೇ ತರಿಸಿಕೊಡಿ, ಅವರಾಗಿ ಕೇಳುವುದಿಲ್ಲ. ಅತ್ತೆಯವರನ್ನೂ ಮಕ್ಕಳನ್ನೂ ಆ ದಿನ ಬೇರೆ ಮನೆಗೆ ಕಳಿಸು.

ಇನ್ನೊಂದು. ತಾರಸಿ ಪೂರ್ತಿ ಮುಚ್ಚಿಬಿಡಬೇಡ. ಮೂರನೇ ಒಂದು ಭಾಗ ಆಕಾಶಕ್ಕೆ ತೆರೆದಿರಲಿ. ನೀನು ಸಂಡಿಗೆ ಎಲ್ಲಿ ಹಾಕುತ್ತೀಯ? ಪಕ್ಕದ ಮನೆಯಾಕೆ ಆವಕಾಯಿಯ ಮಾವಿನ ಹೋಳು ಆರಿಸಲು ನಿಮ್ಮ ತಾರಸಿಗೇ ಬರುವುದಲ್ಲವೇ? ಅವರ ಜಾಡಿಯಲ್ಲಿ ನಮ್ಮ ಪಾಲೂ ಇದೆ ಅಂತ ನಿನ್ನ ಅತ್ತಿಗೆ ನೆನಪಿಸಲು ಹೇಳಿದ್ದಾಳೆ.

ನಾನು ಮುಂದಿನ ತಿಂಗಳು ರತ್ನಾಚಲ ರೈಲು ಹಿಡಿದು ಬರುತ್ತೇನೆ, ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ. ಅಷ್ಟರಲ್ಲಿ ಅಳಿಯ ಒಂದು ಕೆಲಸ ಮಾಡಿಡಲಿ. ದಕ್ಷಿಣಕ್ಕಿರುವ ಅಪಾರ್ಟ್‌ಮೆಂಟು ನಿಮ್ಮ ತಾರಸಿಗಿಂತ ಎಷ್ಟು ಎತ್ತರ, ಎಷ್ಟು ದೂರ ಅಂತ ಅಳೆದು ಕಳಿಸಲಿ. ಡಿಸೆಂಬರಿನಲ್ಲಿ ನಿಮ್ಮಲ್ಲಿ ನಡು ಮಧ್ಯಾಹ್ನದ ಸೂರ್ಯ ಸುಮಾರು 50 ಡಿಗ್ರಿಯಷ್ಟೇ ಮೇಲೇರುವುದು, ಆ ಕಟ್ಟಡದ ನೆರಳು ಎಲ್ಲಿಯವರೆಗೆ ಬರುತ್ತದೆಂದು ನಾನು ಇಲ್ಲೇ ಲೆಕ್ಕ ಹಾಕಿಡುತ್ತೇನೆ. ಆ ಅಪಾರ್ಟ್‌ಮೆಂಟಿನವರು ಇನ್ನೊಂದು ಮಹಡಿ ಎಬ್ಬಿಸುವ ಯೋಚನೆಯಲ್ಲಿದ್ದಾರೋ ಏನೋ, ಭಾವ ವಾಚ್‌ಮನ್ ಹತ್ತಿರ ಮೆಲ್ಲಗೆ ವಿಚಾರಿಸಲಿ. ಅಂಥ ಸುದ್ದಿಗಳೆಲ್ಲ ಓನರಿಗಿಂತ ಮೊದಲು ವಾಚ್‌ಮನ್‌ಗೇ ಗೊತ್ತಿರುತ್ತವೆ.

ಅತ್ತೆಯವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ಅಣ್ಣ